ಸಫರ್ ತಿಂಗಳ ಸೀಗಡಿ

ನಾನು ಮದ್ದೂರಿನಲ್ಲಿ ಪಂಪುಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತಿ ಬದುಕಿದವನು. ತಾಮ್ರದ ತಂತಿಯನ್ನು ಎರಡು ಬೆರಳಲ್ಲಿ ಹಿಡಿದರೆ ಅದು ಎಷ್ಟು ಗೇಜಿನದು, ಹೊಸದೋ ಕರಗಿಸಿ ಎಳೆದದ್ದೋ ಎಂದು ಕಣ್ಣು ಮುಚ್ಚಿಯೇ ಹೇಳುತ್ತಿದ್ದೆ. ಸೀಗಡಿಯ ವಿಷಯದಲ್ಲಿ ಮಾತ್ರ ಎಪ್ಪತ್ತಮೂರು ವರ್ಷದವರೆಗೆ ನನಗೆ ಏನೂ ತಿಳಿದಿರಲಿಲ್ಲ. ನಾನು ಅದನ್ನು ತಿನ್ನುವವನಲ್ಲ.

ನಮ್ಮದು ಹನಫಿ ಪಂಥದ ಮನೆತನ. ಮೀನು ತಿನ್ನಬಹುದು, ಸೀಗಡಿ ಮೀನೋ ಅಲ್ಲವೋ ಎಂಬುದರಲ್ಲಿ ನಮ್ಮ ಹಿರಿಯ ವಿದ್ವಾಂಸರಲ್ಲೇ ಎರಡು ಮಾತಿದೆ. ಅನುಮಾನ ಇದ್ದಲ್ಲಿ ಕೈ ಹಾಕುವುದು ಬೇಡ ಎಂದು ನನ್ನ ತಂದೆ ದೂರ ಇದ್ದರು, ನಾನೂ ದೂರ ಇದ್ದೆ. ನನ್ನ ಹೆಂಡತಿ ಖುರ್ಷೀದ್ ಬೇಗಂ ಹೊನ್ನಾವರದ ಕಡೆಯವಳು, ಶಾಫಿ ಪಂಥದವರ ಮಗಳು. ಅವರಲ್ಲಿ ಸೀಗಡಿಗೆ ಯಾವ ಅಡ್ಡಿಯೂ ಇಲ್ಲ. ಮದುವೆಯಾಗಿ ಬಂದ ವರ್ಷವೇ ನನ್ನ ತಾಯಿ ಅವಳಿಗೆ ಒಂದು ಮಣ್ಣಿನ ಗಡಿಗೆ ತಂದುಕೊಟ್ಟು, "ನಿನ್ನ ತವರಿನಲ್ಲಿ ಹಲಾಲಾದದ್ದನ್ನು ನಾನು ಬಿಡಿಸುವುದಿಲ್ಲ ಮಗಳೇ. ಈ ಗಡಿಗೆಯಲ್ಲಿ ಮಾಡಿಕೋ, ಹಿತ್ತಲಿನ ಒಲೆಯಲ್ಲಿ ಮಾಡಿಕೋ" ಎಂದರು.

ಹಾಗೆ ನಲವತ್ತನಾಲ್ಕು ವರ್ಷ ನಡೆಯಿತು. ತಿಂಗಳಿಗೊಮ್ಮೆಯೋ ಎರಡು ಸಲವೋ ಅವಳು ಬಸ್ ನಿಲ್ದಾಣಕ್ಕೆ ಹೋಗಿ, ಹಲಗೂರಿನ ಕಡೆಯಿಂದ ಬರುವ ಶಿವಯ್ಯ ಎಂಬ ಬೆಸ್ತನ ಬುಟ್ಟಿಯಿಂದ ಹೊಳೆಯ ಸೀಗಡಿ ಆರಿಸಿ ತರುತ್ತಿದ್ದಳು. ಹುಣಸೆಹಣ್ಣು, ತೆಂಗಿನಕಾಯಿ ಅರೆದು ಹಾಕುತ್ತಿದ್ದಳು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು ಒಬ್ಬಳೇ ಊಟ ಮಾಡುತ್ತಿದ್ದಳು. ಮಗಳು ಮಾಹೀನ್ ದೊಡ್ಡವಳಾದ ಮೇಲೆ ಇಬ್ಬರಾದರು. ಒಳಗೆ ನನಗೆ ಬೇರೆ ಸಾರು ಬಡಿಸಿಟ್ಟಿರುತ್ತಿದ್ದಳು. ನಾನು ಒಳಗೆ, ಅವರು ಹೊರಗೆ. ಅವರಿಬ್ಬರ ಮಾತು, ನಗು ಕೇಳುತ್ತಿತ್ತು. ತಿನ್ನದಿದ್ದರೂ ಒಂದು ಮಣೆ ಎಳೆದುಕೊಂಡು ಹೋಗಿ ಅಲ್ಲಿ ಕೂರಬಹುದಾಗಿತ್ತು. ಧರ್ಮ ಅದಕ್ಕೆ ಅಡ್ಡ ಬಂದಿರಲಿಲ್ಲ. ನಾನು ಕೂರಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಅವಳಿಗೆ ಹೊಟ್ಟೆಯ ಕಾಯಿಲೆ ಬಲವಾಯಿತು. ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗಿ ಎಂದರು. ಗಂಜಿಯ ನೀರೂ ಬೇಡವೆನ್ನುತ್ತಿದ್ದವಳು ಒಂದು ಬೆಳಿಗ್ಗೆ, ನಾನು ಫಜರ್ ನಮಾಜು ಮುಗಿಸಿ ಬಂದು ಪಕ್ಕದಲ್ಲಿ ಕುಳಿತಾಗ, "ಶಿವಯ್ಯ ಬರುವ ಕಾಲಕ್ಕೆ ಸ್ವಲ್ಪ ಹೊಳೆಯ ಸೀಗಡಿ ತರಿಸಿಕೊಡಿ. ಒಂದು ಸಲ ತಿನ್ನಬೇಕು" ಎಂದಳು.

ನಾನು ಶಿವಯ್ಯ ಬರುವ ಕಾಲ ಯಾವುದು ಎಂದು ಕೇಳಲಿಲ್ಲ. ಅವಳು ಏನಾದರೂ ತಿನ್ನಬೇಕು ಎಂದದ್ದೇ ನನಗೆ ಸಾಕಾಯಿತು. ಒಂಬತ್ತು ಗಂಟೆಗೆಲ್ಲ ಮಂಡ್ಯದ ಒಂದು ಅಂಗಡಿಯ ಮುಂದೆ ನಿಂತಿದ್ದೆ. ಐಸಿನ ಮೇಲೆ ಮೂರು ತರಹದ ಸೀಗಡಿ ಹರಡಿದ್ದರು. ಹೇಗೆ ಆರಿಸಬೇಕೆಂದು ಗೊತ್ತಿಲ್ಲ. ಜೀವಮಾನವೆಲ್ಲ ತಂತಿ ಆರಿಸಿದವನು ತಂತಿ ಆರಿಸಿದ ಹಾಗೆಯೇ ಆರಿಸಿದೆ: ಯಾವುದು ದಪ್ಪ, ಯಾವುದು ಹೆಚ್ಚು ಹೊಳೆಯುತ್ತದೆ, ಅದು. ಮಾಹೀನ್ ಅದನ್ನು ತೊಳೆಯುವಾಗ, "ಅಬ್ಬಾ, ಇದು ಆಸ್ಪತ್ರೆಯ ಕಾರಿಡಾರಿನ ಹಾಗೆ ನಾರುತ್ತೆ" ಎಂದಳು. ಐಸಿನ ವಾಸನೆ ಇರಬೇಕು, ಮಾಡು, ಎಂದೆ.

ಖುರ್ಷೀದ್ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಅಗಿಯದೆ ಸ್ವಲ್ಪ ಹೊತ್ತು ಹಾಗೇ ಇದ್ದಳು. ನನ್ನ ಮುಖ ನೋಡಿದಳು. ನುಂಗಿದಳು. "ಚೆನ್ನಾಗಿದೆ" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ನಾಲ್ಕನೆಯ ದಿನ, ಸಫರ್ ತಿಂಗಳ ಹನ್ನೆರಡರಂದು, ಅಲ್ಲಾಹನು ಅವಳನ್ನು ಕರೆಸಿಕೊಂಡನು.

ಅವಳು ನನಗೆ ಸುಳ್ಳು ಹೇಳಿದವಳಲ್ಲ. ಉಪ್ಪು ಹೆಚ್ಚಾದರೆ ಹೆಚ್ಚಾಯಿತೆಂದೇ ಹೇಳುವವಳು. ಅವಳು ನನಗಾಗಿ ಹೇಳಿದ ಆ ಒಂದು ಸುಳ್ಳು ಒಂದು ವರ್ಷ ನನ್ನ ಜೊತೆಯಲ್ಲಿ ಓಡಾಡಿತು. ಅವಳ ಮೊದಲ ವರ್ಷದ ದಿನ, ನಮ್ಮಲ್ಲಿ ಬರ್ಸಿ ಎನ್ನುತ್ತೇವೆ, ಆ ದಿನ ಫಾತಿಹಾ ಓದಿಸುವಾಗ ನಿಜವಾದ ಹೊಳೆಯ ಸೀಗಡಿಯನ್ನೇ ಮಾಡಿಸಿ, ತಿನ್ನುವವರಿಗೆ ಅವಳ ಹೆಸರಿನಲ್ಲಿ ಉಣಿಸಬೇಕೆಂದು ನಿಶ್ಚಯಿಸಿದೆ. ಮಸೀದಿಯ ಮೌಲಾನಾರನ್ನು ಕೇಳಿದೆ. "ಅವರ ಪಂಥದಲ್ಲಿ ಹಲಾಲು, ಅವರಿಗೆ ಪ್ರಿಯವಾದದ್ದು. ಬೇರೆ ಪಾತ್ರೆಯಲ್ಲಿ ಮಾಡಿಸಿ, ತಿನ್ನುವವರಿಗೆ ಕೊಡಿ" ಎಂದರು.

ಬರ್ಸಿಗೆ ಹತ್ತು ದಿನ ಇರುವಾಗ ಹಲಗೂರಿನ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಶಿಂಷಾ ಹೊಳೆಯ ದಂಡೆಯ ಊರು. ಶಿವಯ್ಯನ ಮನೆ ಕೇಳಿಕೊಂಡು ಹೋದೆ. ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಶಿವಯ್ಯನ ಹೆಂಡತಿ ಮಲ್ಲಿಗಮ್ಮ.

"ಯಾರು ಬೇಕಿತ್ತು?"

"ಶಿವಯ್ಯನವರು. ನಾನು ಮದ್ದೂರಿನವನು, ವಾಜಿದ್ ಅಂತ."

"ಮದ್ದೂರಾ? ಖುರ್ಸೀದಮ್ಮಾರ ಯಜಮಾನ್ರಾ?" ಅವಳ ಮುಖ ಅರಳಿತು. "ಓ, ಸೀಗಡಿ ಕಂಡ್ರೆ ಮೂಗು ಮುಚ್ಕಳೋ ಸಾಬ್ರು ನೀವೇಯಾ. ಅಮ್ಮಾರು ನಿಮ್ ಇಸ್ಯ ಏಳಿ ಏಳಿ ನಗೋರಂತೆ, ಇವ್ರು ಬಂದು ನಂಗೆ ಏಳೋರು. ಎಲ್ಲಿ ಅವ್ರು, ಆಟೋದಲ್ಲೇ ಕುಂತವ್ರಾ?"

ಹೇಳಿದೆ. ಮೊರ ಅವಳ ಕೈಯಲ್ಲಿ ನಿಂತಿತು. ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟು, ಹೊಳೆಯ ಕಡೆ ಕೈ ತೋರಿಸಿದಳು.

ಶಿವಯ್ಯ ಹೊಂಗೆ ಮರದ ಕೆಳಗೆ ಕುಳಿತು ಬಿದಿರಿನ ಕೂಳಿ ಹೆಣೆಯುತ್ತಿದ್ದ. ಕೂಳಿ ಎಂದರೆ ಬುಟ್ಟಿಯ ಹಾಗಿರುವ ಬೋನು. ಬಾಯಿಯಿಂದ ಒಳಗೆ ಹೋದ ಸೀಗಡಿ ಹಿಂದಕ್ಕೆ ಬರಲಾರದು. ನನಗಿಂತ ಹತ್ತು ವರ್ಷ ಚಿಕ್ಕವನಿರಬೇಕು, ಒಣಗಿದ ಮೈ. ನಾನು ಯಾರೆಂದು ಹೇಳಿ, ಸುದ್ದಿಯನ್ನೂ ಹೇಳಿದೆ. ಅವನು ಬಿದಿರಿನ ಸೀಳನ್ನು ತೊಡೆಯ ಮೇಲಿಟ್ಟುಕೊಂಡ.

"ಓದ್ವರ್ಸ ಪಕ್ಸ ಕಳೆದ್ಮೇಲೆ ಎಲ್ಡು ಕಿತ ಬಸ್ಟಾಂಡಿಗೆ ಬಂದು ಕಾದೆ ಸಾಬ್ರೇ. ಬರ್ನಿಲ್ಲ. ಮಗಳ ಮನೇಗೆ ಓಗವ್ರೇನೋ ಅನ್ಕಂಡೆ. ಅವರ್ದೂಂತ ತೆಗ್ದು ಮಡಗಿದ್ನ ಯಾರ್ಗೂ ಮಾರ್ನಿಲ್ಲ, ವಾಪಸ್ ತಂದೆ."

ನಾನು ಬಂದ ಕೆಲಸ ಹೇಳಿದೆ. ಎರಡು ಕಿಲೋ ಸಾಕು, ಹತ್ತು ದಿನ ಸಮಯವಿದೆ, ಎಂದೆ.

"ಆಗಾಕಿಲ್ಲ ಸಾಬ್ರೇ."

"ಒಂದು ಕಿಲೋ?"

"ಒಂದು ಸೀಗಡೀನೂ ಆಗಾಕಿಲ್ಲ. ನೋಡಿ, ಕೂಳಿ ಎಲ್ಲಾ ಮನೆ ಸೂರಲ್ಲಿ ನೇತಾಕಿವ್ನಿ. ಆಸಾಡ ಉಟ್ಟಿದ್ ದಿನ ಮ್ಯಾಕೆತ್ತಿದ್ರೆ ಪಕ್ಸದಲ್ಲೇ ನೀರಿಗೆ ಬುಡೋದು. ನಮ್ಮಪ್ಪಾನೂ ಅಂಗೇ ಮಾಡ್ತಿದ್ದ. ಸ್ರಾವಣ ಬ್ಯಾರೆ, ಈ ತಿಂಗ್ಳು ನಮ್ಮೋರು ಅರ್ಧ ಜನ ಬಾಯಿಗೇ ಇಡಾಕಿಲ್ಲ."

"ನಮ್ಮವರಿಗೆ ಶ್ರಾವಣ ಇಲ್ಲವಲ್ಲ ಶಿವಯ್ಯ."

"ಸೀಗಡಿಗೆ ಅದಲ್ಲ" ಎಂದು ಅವನು ಎದ್ದ.

ಹೊಳೆಯ ಅಂಚಿನಲ್ಲಿ ಬೇರುಗಳು ನೀರಿಗಿಳಿದಿದ್ದ ಜಾಗದಲ್ಲಿ ಮೊಣಕಾಲುದ್ದ ಇಳಿದು, ಬೇರಿನ ಸಂದಿಗೆ ಕೈ ಹಾಕಿ, ಒಂದು ಸೀಗಡಿಯನ್ನು ಹಿಡಿದು ತಂದ. ಅಂಗೈಯಲ್ಲಿ ನೀರು ನಿಲ್ಲಿಸಿಕೊಂಡು ಅದನ್ನು ಮಗುಚಿ ತೋರಿಸಿದ. ಹೊಟ್ಟೆಯ ಕೆಳಗೆ ಗಸಗಸೆಗಿಂತ ಸ್ವಲ್ಪ ದಪ್ಪದ ಕಾಳುಗಳು ಗೊಂಚಲಾಗಿ ಅಂಟಿಕೊಂಡಿದ್ದವು. ಅವು ಕದಲುತ್ತಿದ್ದವು. ಸೀಗಡಿ ತನ್ನ ಸಣ್ಣ ಕಾಲುಗಳಿಂದ ಅವುಗಳಿಗೆ ನೀರು ಬೀಸುತ್ತಿತ್ತು.

"ನೂರಾರು ಅವೆ. ಈಗ ಎಲ್ಲಾ ಇಂಗೇ."

"ಗಂಡನ್ನು ಇಟ್ಟುಕೊಂಡು ಹೆಣ್ಣನ್ನು ಬಿಟ್ಟುಬಿಟ್ಟರೆ?"

"ಕೂಳಿಗೆ ಗಂಡು ಯಾವ್ದು ಎಣ್ಣು ಯಾವ್ದು ಗೊತ್ತಾದದಾ ಸಾಬ್ರೇ? ಒಳೀಕೆ ಓದ್ಮೇಲೆ ಒದ್ದಾಡಿ ಒದ್ದಾಡಿ ಮೊಟ್ಟೆ ಉದುರಿಸ್ಕಬುಡ್ತವೆ. ಆಮ್ಯಾಕೆ ಬುಟ್ರೇನು ಬಂತು."

ಕೈಯನ್ನು ನೀರಿನೊಳಕ್ಕೆ ಮುಳುಗಿಸಿ ಬೆರಳು ಬಿಡಿಸಿದ. ಅದು ಹಿಂದಕ್ಕೆ ಚಿಮ್ಮಿ ಬೇರಿನ ಕೆಳಗೆ ಹೋಯಿತು.

ಮರದ ಕೆಳಗೆ ಮರಳಿ ಬಂದು ಕುಳಿತೆವು. ಮಂಡ್ಯದ ಸೀಗಡಿಯ ವಿಷಯವನ್ನೂ ಅವಳ ಆ ಸುಳ್ಳನ್ನೂ ಅವನಿಗೆ ಹೇಳಿದೆ. ಆ ಸುಳ್ಳಿನ ಮಾತನ್ನು ಮಕ್ಕಳಿಗೂ ಹೇಳಿರಲಿಲ್ಲ. ಅವನು ಪೂರ್ತಿ ಕೇಳಿದ.

"ದಪ್ಪಕೆ ಬೆಳ್ಳಗೆ ಮಿಂಚ್ತಿತ್ತಾ?"

"ಹೌದು."

"ಮಿಂಚೋದ್ನ ನೋಡ್ಬಾರ್ದು. ಚಿಪ್ಪು ಮೈಗೆ ಬಿಗ್ಯಾಗಿ ಅಂಟ್ಕಂಡಿರ್ಬೇಕು. ತಲೆ ಇಡ್ದು ಅಳ್ಳಾಡಿಸಿದ್ರೆ ಕಿತ್ಕಂಡು ಬರ್ಬಾರ್ದು. ತಲೆ ಕಪ್ಪಾಗಿದ್ರೆ ಮುಟ್ಬ್ಯಾಡಿ. ಮೂಸಿದ್ರೆ ನೀರ್ನಾಗಿನ ಕಲ್ಲು ಮೂಸ್ದಂಗಿರ್ಬೇಕು, ಅಷ್ಟೇಯ. ಅಮ್ಮಾರು ಬುಟ್ಟಿ ಮುಂದೆ ಕುಂತ್ರೆ ಒಂದೊಂದ್ನೂ ಎತ್ತಿ ಮೂಸೋರು. ನಾನು, ಅಮ್ಮಾ, ಎಣ್ಣು ನೋಡೋಕೆ ಬಂದಂಗೆ ನೋಡ್ತೀರಲ್ಲ ಅಂತಿದ್ದೆ. ಎಣ್ಣಾದ್ರೆ ಇಷ್ಟು ನೋಡಾಕಿಲ್ಲ ಬುಡು ಅನ್ನೋರು."

ನಾನು ನಕ್ಕೆ. ಆ ಮಾತು ಅವಳದೇ. ನಲವತ್ತನಾಲ್ಕು ವರ್ಷ ಅವಳ ಜೊತೆ ಇದ್ದ ನನಗೆ ಗೊತ್ತಿಲ್ಲದ ಮಾತೊಂದು ಈ ಹೊಳೆಯ ದಂಡೆಯಲ್ಲಿತ್ತು.

"ಹೋದ ವರ್ಷ ಅವಳು ಕೇಳಿದ್ದೂ ಇದೇ ಮಳೆಗಾಲದಲ್ಲಿ" ಎಂದೆ. "ಆಗಲೂ ನಿನ್ನ ಹತ್ತಿರ ಇರುತ್ತಿರಲಿಲ್ಲ."

"ಅವ್ರಿಗೆ ಗೊತ್ತಿತ್ತು. ಆಸಾಡ ಬಂದ್ರೆ ಒಂದ್ ದಿನಾನೂ ಕೇಳ್ದೋರಲ್ಲ."

ಶಿವಯ್ಯ ಬರುವ ಕಾಲಕ್ಕೆ ಎಂದಿದ್ದಳು. ಪಿತೃಪಕ್ಷ ಕಳೆದ ಮೇಲೆ ಎಂದು ಅದರ ಅರ್ಥ. ಇನ್ನೂ ಒಂದೂವರೆ ತಿಂಗಳು ಬದುಕುವ ಆಸೆ ಅವಳಿಗಿತ್ತು. ಕಾಯುತ್ತೇನೆ ಎಂದೇ ಅವಳು ಹೇಳಿದ್ದು. ಕಾಯಲಾರದೆ ಓಡಿದವನು ನಾನು. ಆಸೆ ಬಿಟ್ಟವನೂ ಅವಳಿಗಿಂತ ಮೊದಲು ನಾನೇ. ಅಸ್ತಗ್ಫಿರುಲ್ಲಾ, ಅಲ್ಲಾಹನೇ ಕ್ಷಮಿಸು, ಎಂದು ಮನಸ್ಸಿನಲ್ಲಿ ಹೇಳಿಕೊಂಡೆ.

ಶಿವಯ್ಯ ಬಿದಿರಿನ ಸೀಳನ್ನು ಮತ್ತೆ ಕೈಗೆತ್ತಿಕೊಂಡ. "ಪಕ್ಸಕ್ಕೆ ಬನ್ನಿ ಸಾಬ್ರೇ. ಮೊದಲನೇ ಕೂಳೀದು ನಮ್ಮಪ್ಪ ಅವ್ವಂಗೆ ಎಡೆ ಇಡ್ತೀವಿ. ಎಲ್ಡನೇ ಕೂಳೀದು ನಿಮ್ಗೆ. ಸತ್ತೋರು ಕಾಯ್ತಾರೆ, ಅವ್ರಿಗೇನು ಬಸ್ಸು ತಪ್ಪೋಯ್ತದಾ."

"ನಮ್ಮಲ್ಲಿ ಅವರವರು ತೀರಿಕೊಂಡ ದಿನವೇ ಮಾಡುವುದು. ಸಫರ್ ಹನ್ನೆರಡು."

"ನಿಮ್ ದಿನ ಒಂದ್ ಕಡೆ ನಿಲ್ಲಾಕಿಲ್ವಲ್ಲ. ನಿಮ್ ರಂಜಾನು ನಾನು ನೋಡ್ದಂಗೆ ಬ್ಯಾಸ್ಗೇಲೂ ಬಂದದೆ, ಚಳೀಲೂ ಬಂದದೆ. ಇದು ಎತ್ಲಾಗೆ ಓಯ್ತದೆ, ಮುಂದಕ್ಕಾ ಇಂದಕ್ಕಾ?"

ನಾನು ಅದನ್ನು ಯೋಚಿಸಿರಲಿಲ್ಲ. ನಮ್ಮ ತಿಂಗಳುಗಳು ಚಂದ್ರನದು. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತವೆ. ಬೆರಳು ಮಡಿಸುತ್ತಾ ಹೋದೆ. ಈ ವರ್ಷ ಆಗಸ್ಟ್ ಏಳು. ಮುಂದಿನ ವರ್ಷ ಜುಲೈ ಕೊನೆ. ಆಮೇಲೆ ಜುಲೈ ಮಧ್ಯ. ಆಮೇಲೆ ಜುಲೈ ಮೊದಲ ವಾರ. ನಾಲ್ಕನೆಯ ವರ್ಷ ಜೂನ್ ಇಪ್ಪತ್ತನಾಲ್ಕು ಇಪ್ಪತ್ತೈದು.

"ಅಷ್ಟೊತ್ಗೆ ಒಸ ನೀರು ಬಂದ್ರೂ ಬಂದಿರ್ತದೆ, ಮೊಟ್ಟೆ ಕಟ್ಟಿದ್ರೂ ಕಟ್ಟಿರ್ತವೆ, ನಂಬಂಗಿಲ್ಲ" ಎಂದ ಶಿವಯ್ಯ. "ಐದ್ನೇ ವರ್ಸ?"

"ಜೂನ್ ಹದಿಮೂರು, ಹದಿನಾಲ್ಕು."

"ಅದು ಆಯ್ತದೆ. ಐದ್ನೇ ವರ್ಸ ಅಮ್ಮಾರ ದಿನಕ್ಕೆ ನಾನೇ ತಂದು ಕೊಡ್ತೀನಿ. ಈ ಐದು ವರ್ಸ ಮೊಟ್ಟೆ ತಾಯೀನ ಬುಟ್ರೆ ತಾನೇ ಆಗ ಇರೋದು. ಮ್ಯಾಗ್ಲೂರ ಅಣೆಕಟ್ಟೆ ತಾವ ನೋಡಿ, ಸೊಳ್ಳೆ ಪರದೆ ಬುಟ್ಟು ಮರಿ ಮೊಟ್ಟೆ ಎಲ್ಲಾ ಬಳ್ದಾಕ್ದ್ರು. ಈಗ ಅಲ್ಲಿ ಬರೀ ಪಾಚಿ ಅದೆ." ತನ್ನ ಕೂಳಿಯನ್ನು ಎತ್ತಿ ಬೆಳಕಿಗೆ ಹಿಡಿದ. ಸೀಳುಗಳ ನಡುವೆ ಒಂದೇ ಅಳತೆಯ ಸಂದಿ. ಮರಿಗಳು ನುಸುಳಿ ಹೋಗಲಿ ಎಂದು ಬಿಟ್ಟದ್ದು. ತಂತಿ ಸುತ್ತಿದ ನನ್ನ ಬೆರಳು ತಾನಾಗಿ ಆ ಸಂದಿಗಳ ಮೇಲೆ ಹೋಯಿತು. ಎಲ್ಲಿಯೂ ಕೂದಲೆಳೆಯ ವ್ಯತ್ಯಾಸ ಸಿಕ್ಕಲಿಲ್ಲ.

ಅವನಿಗೆ ಸಲಾಂ ಹೇಳಿ ಹೊರಟೆ. ಮಲ್ಲಿಗಮ್ಮ ಒಂದು ಸೀಬೆಹಣ್ಣಿನ ಚೀಲ ಕೊಟ್ಟಳು. ಅವನ ಮಾತು ಸರಿ ಎಂದು ಬುದ್ಧಿಗೆ ಗೊತ್ತಿತ್ತು. ಐದು ವರ್ಷ ಎಂದರೆ ನನಗೆ ಎಪ್ಪತ್ತೆಂಟು. ಹಲಗೂರಿನವರೆಗೂ ಆಟೋದಲ್ಲಿ ಅದನ್ನೇ ಯೋಚಿಸುತ್ತಾ, ಅವನ ಮೇಲೆ ಕೋಪ ಮಾಡಿಕೊಳ್ಳಲು ಏನಾದರೂ ಕಾರಣ ಸಿಕ್ಕೀತೇ ಎಂದು ಹುಡುಕುತ್ತಾ ಬಂದೆ.

ಹಲಗೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಮಧ್ಯವಯಸ್ಸಿನವನು ಪ್ಲಾಸ್ಟಿಕ್ ಬೋಗುಣಿ ಇಟ್ಟುಕೊಂಡು ಕುಳಿತಿದ್ದ. ಮೇಲೆ ಒದ್ದೆ ಗೋಣಿ. ಗೋಣಿ ಸರಿಸಿ, "ಬನ್ನಿ ಸಾಬ್ರೇ, ಒಳೆ ಮಾಲು. ಇನ್ನೂ ಜೀವ ಅದೆ" ಎಂದ.

ಕುಳಿತು ಒಂದನ್ನು ಎತ್ತಿದೆ. ನೀಲಿ ಬೆರೆತ ಬೂದು ಬಣ್ಣ, ಮೈಯೊಳಗಿನ ನರ ಕಾಣುವಷ್ಟು ತಿಳಿ. ಚಿಪ್ಪು ಬಿಗಿಯಾಗಿತ್ತು. ತಲೆ ಅಲ್ಲಾಡಲಿಲ್ಲ, ಕಪ್ಪಾಗಿರಲಿಲ್ಲ. ಜೀವನದಲ್ಲಿ ಮೊದಲ ಸಲ ಒಂದು ಸೀಗಡಿಯನ್ನು ಮೂಗಿನ ಹತ್ತಿರ ಹಿಡಿದೆ. ನೀರಿನೊಳಗಿನ ಕಲ್ಲಿನ ವಾಸನೆ. ಒಂದು ವರ್ಷದಿಂದ ಬೇಕಾಗಿದ್ದುದು ನನ್ನ ಕೈಯಲ್ಲಿತ್ತು, ಖುರ್ಷೀದ್ ತಾನೇ ಆರಿಸಿದರೂ ಇದಕ್ಕಿಂತ ಒಳ್ಳೆಯದನ್ನು ಆರಿಸಲಾರಳು. ಮನೆಯ ಫ್ರೀಜರಿನಲ್ಲಿ ಹತ್ತು ದಿನ ಇಡಬಹುದು.

"ಎರಡು ಕಿಲೋ ತೂಗು" ಎಂದೆ. ಚೀಲವನ್ನೂ ಬಿಡಿಸಿಕೊಟ್ಟೆ.

ಅವನು ತಕ್ಕಡಿಗೆ ಹಿಡಿಹಿಡಿಯಾಗಿ ಹಾಕತೊಡಗಿದ. ನನ್ನ ಕೈಯಲ್ಲಿದ್ದದ್ದು ಇನ್ನೂ ಅಲ್ಲೇ ಇತ್ತು. ನಾನು ಅದನ್ನು ಮಗುಚದೆ ಹಾಗೆಯೇ ತಕ್ಕಡಿಗೆ ಹಾಕಬಹುದಾಗಿತ್ತು, ಹಾಕಬೇಕೆಂದೂ ಇದ್ದೆ. ಆದರೆ ಹೆಬ್ಬೆರಳಿಗೆ ಏನೋ ಅಂಟಿತು. ನೋಡಿದರೆ ಏಳೆಂಟು ಕಾಳುಗಳು. ಒಂದೊಂದರಲ್ಲೂ ಸೂಜಿಮೊನೆಯಷ್ಟು ಎರಡು ಕಪ್ಪು ಚುಕ್ಕೆ. ಕಣ್ಣುಗಳು.

"ಬೇಡ" ಎಂದೆ. "ತೂಗಬೇಡ."

"ಯಾಕೆ, ರೇಟು ಜಾಸ್ತಿ ಆಯ್ತಾ?"

"ಮೊಟ್ಟೆ ಇದೆ."

ಅವನಿಗೆ ರೇಗಿತು. "ಮೊಟ್ಟೆ ಇದ್ರೆ ರುಚಿ ಜಾಸ್ತಿ ಕಣ್ರೀ. ನೀವು ತಗಳ್ನಿಲ್ಲ ಅಂದ್ರೆ ಇವು ಎದ್ದು ನಡ್ಕಂಡು ಒಳೆಗೆ ವಾಪಸ್ ಓಯ್ತವಾ? ನಿಮ್ ಇಂದ್ಗಡೆ ನಿಂತವ್ರಲ್ಲ, ಅವ್ರು ತಗತಾರೆ."

ಅವನು ಹೇಳಿದ್ದು ನಿಜ. ನನ್ನ ಹಿಂದೆ ನಿಂತಿದ್ದ ಮನುಷ್ಯ ಆ ಎರಡು ಕಿಲೋವನ್ನು ಹಾಗೇ ಕಟ್ಟಿಸಿಕೊಂಡ. ನನ್ನ ಕೈಯಲ್ಲಿದ್ದುದನ್ನು ಬೋಗುಣಿಗೆ ಬಿಟ್ಟು ಬಸ್ಸು ಹತ್ತಿದೆ. ಕೆಲಸ ಕೆಡಿಸಿಕೊಂಡೆನೋ ಉಳಿಸಿಕೊಂಡೆನೋ ತಿಳಿಯದೆ ಮಳವಳ್ಳಿ ದಾರಿಯ ಕಬ್ಬಿನ ಗದ್ದೆಗಳನ್ನು ನೋಡುತ್ತಾ ಕುಳಿತೆ.

ಬರ್ಸಿಯ ದಿನ ಬೆಳಿಗ್ಗೆಯೇ ಮಾಹೀನ್ ಮಂಡ್ಯದಿಂದ ಬಂದಳು. ಸೆರಗು ಸಿಕ್ಕಿಸಿ, ತೆಂಗಿನಕಾಯಿ ತುರಿದಿಟ್ಟು, "ಅಬ್ಬಾ, ಸೀಗಡಿ ಎಲ್ಲಿ? ಹಲಗೂರಿಗೆ ಹೋಗಿ ಬಂದಿರಂತೆ, ಶಾಕಿರ್ ಹೇಳಿದ" ಎಂದಳು. ಶಾಕಿರ್ ನನ್ನ ಮಗ, ಈಗ ಅಂಗಡಿ ನಡೆಸುವವನು.

"ಸಿಕ್ಕಲಿಲ್ಲ."

"ಸಿಕ್ಕಲಿಲ್ಲವೋ, ತರಲಿಲ್ಲವೋ?"

ಅವಳು ಶಾಲೆಯ ಟೀಚರು, ಮಕ್ಕಳ ಮುಖ ನೋಡಿಯೇ ಸುಳ್ಳು ಹಿಡಿಯುವವಳು. ಎಲ್ಲವನ್ನೂ ಹೇಳಿದೆ, ಹೋದ ವರ್ಷ ಅವಳ ತಾಯಿ ಹೇಳಿದ ಮಾತಿನ ಅರ್ಥವನ್ನೂ. ಅವಳು ತುರಿಯುವ ಮಣೆಯನ್ನು ಪಕ್ಕಕ್ಕೆ ಸರಿಸಿದಳು.

"ಅಮ್ಮಿ ಆಷಾಢದಲ್ಲಿ ನನಗೂ ಮಂಡ್ಯದಲ್ಲಿ ಕೊಳ್ಳಬೇಡ ಅನ್ನುತ್ತಿದ್ದಳು. ನಾನು ಹುಚ್ಚಿ, ಮಳೆಗಾಲದಲ್ಲಿ ಹೊಟ್ಟೆ ಕೆಡುತ್ತೆ ಅಂತ ಇರಬೇಕು ಅಂದುಕೊಂಡಿದ್ದೆ." ಆಮೇಲೆ ಎದ್ದು ತೆಂಗಿನತುರಿಗೆ ಮುಚ್ಚಳ ಮುಚ್ಚಿದಳು. "ಹಾಗಾದರೆ ಬೇಳೆ ಹಾಕಿ ಸೋರೆಕಾಯಿ ದಾಲ್ಚಾ ಮಾಡುತ್ತೇನೆ."

ತುಪ್ಪದ ಅನ್ನ, ದಾಲ್ಚಾ ಮಾಡಿದಳು. ಮೌಲಾನಾ ಬಂದು ಫಾತಿಹಾ ಓದಿದರು. ಬೀದಿಯವರು, ಮಸೀದಿಗೆ ಬರುವ ಬಡವರು ಉಂಡು ಹೋದರು. ಅಡುಗೆ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ಅದು ಸುಳ್ಳಲ್ಲ. ಆದರೂ ಮಗಳು ಬಡಿಸುತ್ತಾ ನನ್ನ ಮುಂದೆ ಬಂದಾಗಲೆಲ್ಲ ಇಬ್ಬರೂ ಬೇರೆ ಕಡೆ ನೋಡಿದೆವು. ಇಲ್ಲದ ಒಂದು ಪಾತ್ರೆ ಇಡೀ ಮನೆಯನ್ನು ತುಂಬಿಕೊಂಡಿತ್ತು.

ಸಂಜೆಯ ಅಸರ್ ನಮಾಜಿನ ನಂತರ ಖಬರಸ್ತಾನಕ್ಕೆ ಹೋಗಿ ಅವಳ ತಲೆದೆಸೆಯಲ್ಲಿ ನಿಂತೆ. ಅವಳು ಹೋದಾಗಿನಿಂದ ಅಲ್ಲಿ ನಿಂತಾಗಲೆಲ್ಲ ಅಲ್ಲಾಹನಲ್ಲಿ ಅವಳಿಗಾಗಿ ಕ್ಷಮೆ ಕೇಳಿದ ಮೇಲೆ ನನಗಾಗಿ ಒಂದೇ ಬೇಡುತ್ತಿದ್ದೆ: ಬೇಗ ಕರೆಸಿಕೋ ಎಂದು. ಅಂದು ಕೈಯೆತ್ತಿದವನಿಗೆ ಆ ಮಾತು ಬರಲಿಲ್ಲ. ಐದು ವರ್ಷ ಕೊಡು ಎಂದೆ. ಅವಳಿಂದ ದೂರ ಇರುವ ಐದು ವರ್ಷವನ್ನು ನಾನೇ ಬಾಯಿಬಿಟ್ಟು ಕೇಳಿದೆ. ಮಣ್ಣಿನ ಮೇಲೆ ಗರಿಕೆ ಚಿಗುರಿತ್ತು. ಶಿವಯ್ಯನಿಗೂ ಐದು ವರ್ಷ ಕೊಡು, ಆ ಹೊಳೆಗೂ ಕೊಡು ಎಂದು ಸೇರಿಸಿದೆ.

ಮನೆಗೆ ಬಂದಾಗ ಮಾಹೀನ್ ಪಾತ್ರೆಗಳನ್ನು ಒರೆಸಿ ಜೋಡಿಸುತ್ತಿದ್ದಳು. ನಾನು ಬೀರುವಿನ ಮೇಲಿನಿಂದ ನನ್ನ ಸಕ್ಕರೆ ಕಾಯಿಲೆಯ ಮಾತ್ರೆಯ ಡಬ್ಬಿ ಇಳಿಸಿ ಅವಳ ಮುಂದಿಟ್ಟೆ. ಅವಳು ತೆಗೆದು ನೋಡಿದಳು. ಪಟ್ಟಿಗಳೆಲ್ಲ ತುಂಬಿಯೇ ಇದ್ದವು.

"ಇದೇನು ಅಬ್ಬಾ, ಒಂದೂ ತೆಗೆದುಕೊಂಡಿಲ್ಲವಲ್ಲ. ಎಷ್ಟು ದಿನದಿಂದ?"

"ಮಳೆಗಾಲಕ್ಕೂ ಮುಂಚಿನಿಂದ."

ಅವಳು ಬಯ್ಯಲು ಬಾಯಿ ತೆರೆದಳು.

"ಬಯ್ಯುವುದನ್ನು ಆಮೇಲೆ ಬಯ್ಯಿ. ಸೋಮವಾರ ನಿನಗೆ ರಜೆ ಸಿಕ್ಕುತ್ತದೆಯೇ? ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು" ಎಂದೆ.